ಬತ್ತೆ ಎಂದು ಹೋದವರು

ಶಂಖಕುದ್ರುವಿಗೆ ಮೊದಲ ಖಾಲಿ ವಿಮಾನ ಬಂದಿಳಿದದ್ದು ಹಾಡಹಗಲಲ್ಲಿ. ಬೆಳಗಿನಿಂದ ಜಡಿದ ಮಳೆ ಆಗಷ್ಟೇ ಹೊಳವಾಗಿತ್ತು. ಕಡಲು ಮೀನಿನ ಹೊಟ್ಟೆಯಂತೆ ಮಿರುಗುತ್ತಿತ್ತು. ದ್ವೀಪದ ಬೆನ್ನ ಮೇಲೆ ಒಂದು ಬಂಡೆಯಂಚಿನಿಂದ ಇನ್ನೊಂದು ಬಂಡೆಯಂಚಿನವರೆಗೆ ಗೀಟು ಎಳೆದಂತಿದ್ದ ರನ್‌ವೇಯಲ್ಲಿ ಆ ಪುಟ್ಟ ಬಿಳಿ ವಿಮಾನ ಕೊಕ್ಕರೆಯ ಹಾಗೆ ಸದ್ದಿಲ್ಲದೆ ಇಳಿದು, ಓಡಿ, ನಿಂತು, ಬಾಗಿಲು ತೆರೆದು, ಮೆಟ್ಟಿಲನ್ನು ನಾಲಿಗೆಯಂತೆ ಹೊರಗೆ ಚಾಚಿತು. ಪ್ರವಾಸಿಗರ ಪೆಟ್ಟಿಗೆ ಇಳಿಸಲೆಂದು ಕೈಗಾಡಿ ಹಿಡಿದು ನಿಂತಿದ್ದ ಫೆಲಿಕ್ಸ್ ಕಾದ. ಯಾರೂ ಇಳಿಯಲಿಲ್ಲ.

"ಸಂಕಯ್ಯಣ್ಣ, ಬಂದ್ರಾ?" ಎಂದಿತು ಬಾಗಿಲ ಮೇಲಿನ ದನಿ. "ಬನ್ನಿ, ಬನ್ನಿ. ಮಳೆಗೆ ಮೆಟ್ಲ್ ಚಂಡಿ ಇತ್ತ್, ಜಾರತ್ತ್, ಕಂಡ್ಕಂಡ್ ಇಳೀರಿ."

ಫೆಲಿಕ್ಸ್ ಕೈಗಾಡಿಯನ್ನು ಅಲ್ಲೇ ಬಿಟ್ಟ. ನಿಲ್ದಾಣದ ಉಸ್ತುವಾರಿ ಸುಗಂಧಿ ಕೂರುತ್ತಿದ್ದ, ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಕಟ್ಟಿದ ಗಾಜಿನ ಕೋಣೆಗೆ ಎರಡೆರಡು ಮೆಟ್ಟಿಲು ಹಾರಿ ಬಂದವನು ಬಾಗಿಲಲ್ಲೇ ಶಿಲುಬೆಯ ಗುರುತು ಮಾಡಿಕೊಂಡ.

"ತಂಗಿ, ನಿನ್ನ ಕಾವ್ಲಮ್ಮಂಗೆ ಎಂತದೋ ಮೈಮೇಲೆ ಬಂತ್. ಸಂಕಯ್ಯನ್ನ ಕರೀತಿತ್ತ್."

"ಯಾವ ಸಂಕಯ್ಯ?"

"ಊರಲ್ಲಿ ಎಷ್ಟ್ ಜನ ಸಂಕಯ್ಯ ಇದ್ರ್ ಮರಾಯ್ತಿ? ಸತ್ತವ!"

ಸುಗಂಧಿ ಗಾಜಿನಾಚೆ ನೋಡಿದಳು. ವಿಮಾನ ಬಾಯಿ ತೆರೆದುಕೊಂಡು ನಿಂತೇ ಇತ್ತು. ಸಂಕಯ್ಯ ಎದೆನೋವೆಂದು ಇದೇ ನಿಲ್ದಾಣದಿಂದ ಆಚೆದಡದ ಆಸ್ಪತ್ರೆಗೆ ಹೋಗಿ, ಅಲ್ಲೇ ತೀರಿಕೊಂಡು, ಬೂದಿಯಾಗಿ ಇದೇ ಕಡಲು ಸೇರಿದ್ದ. ಹೊರಡುವಾಗ ಹೆಂಡತಿಯ ಕಡೆ ಕೈಬೀಸಿ ಅವನು ಹೇಳಿದ್ದು ಒಂದೇ ಮಾತು. "ಬತ್ತೆ."

ಆ ಮಾತನ್ನು ಕಾವಲು ಕೇಳಿಸಿಕೊಂಡಿತ್ತು.

ಕಾವಲು ಈ ದ್ವೀಪಕ್ಕೆ ಬಂದದ್ದಕ್ಕೆ ಒಂದು ಜಗಳ ಕಾರಣ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ, ವಿಮಾನವೊಂದೇ ದಾರಿ. ಆದರೆ ಕಡಲ ಮೇಲೆ ಮಳೆ ನಡೆದು ಬರುವುದನ್ನು ನೋಡಲು ಪ್ರವಾಸಿಗರು ಮುಗಿಬೀಳುವುದೂ ಅದೇ ಮಳೆಗಾಲದಲ್ಲಿ. ಸೀಟುಗಳೆಲ್ಲ ಅವರಿಗೇ ಹೋಗಿ, ಮದುವೆಗೆಂದೋ ಮದ್ದಿಗೆಂದೋ ಆಚೆದಡಕ್ಕೆ ಹೋದ ಊರವರು ಅಲ್ಲಿನ ನಿಲ್ದಾಣದ ನೆಲದ ಮೇಲೆ ಮಲಗಿ ದಿನ ನೂಕುವಂತಾಯಿತು. ಒಂದು ದಿನ ಊರಿನ ಹೆಂಗಸರು ಬುಟ್ಟಿ ಹೊತ್ತು ತಂದು ರನ್‌ವೇಯ ಉದ್ದಕ್ಕೂ ಬಂಗುಡೆ ಒಣಹಾಕಿದರು. ಹದ್ದು ಕಾಗೆಗಳೆಲ್ಲ ಬಂದಿಳಿದವು, ವಿಮಾನ ಇಳಿಯಲಿಲ್ಲ. ಸರ್ಕಾರ ಇಳಿಯಿತು. ಅದಾದ ಮೇಲೆ ಬಂದದ್ದು ಈ ಚಾಲಕನಿಲ್ಲದ ಬ್ಯಾಟರಿ ವಿಮಾನಗಳು, ಮತ್ತು ಅವನ್ನು ಹಾರಿಸುವ, ಇಳಿಸುವ, ಸೀಟು ಹಂಚುವ, ಆಚೆದಡಕ್ಕೆ ಫೋನು ಜೋಡಿಸುವ ಕಾವಲು. ಅದು ಕೇಳುವ ಯಂತ್ರ. ಕೌಂಟರಿನಲ್ಲಿ, ಬೆಂಚಿನಲ್ಲಿ, ಬಾಗಿಲಲ್ಲಿ ಊರವರು ಆಡುವ ಮಾತನ್ನೆಲ್ಲ ಕೇಳುತ್ತಿತ್ತು. ಹೊರಡುವವರು ಯಾರಾದರೂ ಬರುತ್ತೇನೆಂದರೆ ಮರಳಲು ಅವರ ಹೆಸರಿಗೆ ಒಂದು ಸೀಟು ಎತ್ತಿಡುತ್ತಿತ್ತು. ಚೀಟಿ ಬೇಡ, ಶಿಫಾರಸು ಬೇಡ. ಬಾಯಿಮಾತು ಸಾಕು. ನಿಲ್ದಾಣದ ಸಿಬ್ಬಂದಿ ಲಂಚ ತಿಂದು ಸೀಟು ಮಾರಿಯಾರೆಂದು, ಅವರ ಮಾತು ಮಾತ್ರ ನಡೆಯಕೂಡದೆಂದು ಊರವರೇ ಹಟ ಹಿಡಿದು ಬರೆಸಿದ್ದರು. ಮನೆಯವರ ವಿಷಯ ಮನೆಯ ಹಿರಿಯರೇ ಹೇಳಬೇಕು.

ಅದಕ್ಕೆ ಊರಮಾತು ಕಲಿಸಿದವಳು ಸುಗಂಧಿ. ಅಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆದ ಹುಡುಗಿ. ಯಂತ್ರಕ್ಕೆ ಮಾತು ಹೇಳಿಕೊಡುವುದೆಂದರೆ ಅವಳಿಗೆ ಕೂಸಿಗೆ ತುತ್ತು ಕೊಟ್ಟಷ್ಟೇ ಸಲೀಸಾಗಿ ಕಂಡಿತ್ತು. ಮನೆಮನೆಗೆ ಮೈಕು ಹಿಡಿದು ಹೋಗಿದ್ದಳು. ಉಣ್ಣುವ ಮಾತು, ಬೈಯುವ ಮಾತು, ಬಲೆಯ ಮಾತು, ಎಲ್ಲವನ್ನೂ ಜನ ನಗುನಗುತ್ತ ಆಡಿದರು. ಒಂದು ಮಾತನ್ನು ಮಾತ್ರ ಯಾರೂ ಆಡಲಿಲ್ಲ. "ಹೋತೆ ಅಂತ ಒಂದ್ಸಲ ಹೇಳಿ ಗುಲಾಬಕ್ಕ," ಎಂದಾಗ ಸಂಕಯ್ಯನ ಹೆಂಡತಿ ಗುಲಾಬಕ್ಕ ಹೌಹಾರಿ ಮೈಕನ್ನು ಸೆರಗಿನಿಂದ ಮುಚ್ಚಿದ್ದಳು.

"ಬಿಡ್ತ್ ಅನ್ ಹೆಣೆ! ನಮ್ಮನ್ನ ಕಾಯೂಕೆ ಬಂದದ್ದರ ಕಿವಿಗೆ ಅದನ್ನೇ ಊದೂದಾ?"

ಹೊಸ್ತಿಲು ದಾಟುವವರು ಹೋಗುತ್ತೇನೆ ಎನ್ನುವುದು ನಮ್ಮಲ್ಲಿ ಎಲ್ಲೂ ಇಲ್ಲ. ಕಡಲಿಗಿಳಿಯುವವರ ಮನೆಗಳಲ್ಲಂತೂ ಆ ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳಬೇಕು. ಹೀಗಾಗಿ ಒಂದು ವಿಮಾನ ನಿಲ್ದಾಣವನ್ನು ನಡೆಸುವ ಯಂತ್ರಕ್ಕೆ ಹೋಗುವುದೆಂದರೇನೆಂದು ತಿಳಿಯದೆ ಹೋಯಿತು. ಅದರ ಪಾಲಿಗೆ ದ್ವೀಪದ ಬಾಗಿಲಲ್ಲಿ ನಿಂತವರೆಲ್ಲ ಬರುವವರೇ.

ಗಾಜಿನ ಕೋಣೆಯಿಂದ ಸುಗಂಧಿ ಆಚೆದಡದ ಯಂತ್ರಶಾಲೆಗೆ ಫೋನು ಮಾಡಿದಳು. ಕಾವಲನ್ನು ಕಟ್ಟಿದ ಎಂಜಿನಿಯರುಗಳಲ್ಲಿ ಒಬ್ಬನಾದ ತನ್ವೀರ್ ತೆರೆಯ ಮೇಲೆ ಕಾಣಿಸಿಕೊಂಡ. ಅವನ ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣಿತ್ತು.

"ಮೇಡಂ, ತಪ್ಪು ಅಂತ ಎಲ್ಲೂ ತೋರಿಸ್ತಾ ಇಲ್ಲ," ಎಂದ. "ಬರ್ತೀನಿ ಅಂದವರು ಬಹಳ ಕಾಲ ಬರದಿದ್ರೆ, ಸೀಟು ಸಿಗದೆ ಸಿಕ್ಕಿಹಾಕಿಕೊಂಡಿದಾರೆ ಅಂದ್ಕೊಂಡು ವಿಮಾನಾನೇ ಕಳಿಸುತ್ತೆ. ಒಳ್ಳೇದಕ್ಕೇ ಮಾಡಿದ್ದು."

"ಸತ್ತವರಿಗೂ?"

"ಸತ್ತಿದಾರೆ ಅಂತ ಅದಕ್ಕೆ ಯಾರಾದ್ರೂ ಹೇಳಿದಾರಾ?"

 ಕೆಳಗೆ ಫೆಲಿಕ್ಸ್ ಗುಲಾಬಕ್ಕನನ್ನು ಕರೆತಂದಿದ್ದ. ವಿಮಾನದ ಬಾಗಿಲು ಮುಚ್ಚದೆ ಅದು ಕದಲುವಂತಿಲ್ಲ, ಅದು ಕದಲದೆ ಇನ್ನೊಂದು ಇಳಿಯುವಂತಿಲ್ಲ. ಗುಲಾಬಕ್ಕ ಮೆಟ್ಟಿಲ ಬುಡದಲ್ಲಿ ನಿಂತು ಖಾಲಿ ಸೀಟುಗಳ ಕಡೆ ಒಮ್ಮೆ ನೋಡಿದಳು. ಊರಿನ ಹೆಂಗಸರ ದನಿಗಳನ್ನೆಲ್ಲ ಅರೆದು ಮಾಡಿದ ಆ ಒಂದು ದನಿ ಇನ್ನೂ ಅವಳ ಗಂಡನನ್ನು ಕರೆಯುತ್ತಲೇ ಇತ್ತು. ಹೋದರು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಸೆರಗು ತಲೆಗೆಳೆದುಕೊಂಡು, ನಾಚಿಕೆಯಿಂದ ಎನ್ನುವಂತೆ, "ಬಂದ್ರ್. ಬಂದಾಯ್ತ್," ಎಂದಳು.

ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು.

ಉಪಾಯ ಊರಿಗೆಲ್ಲ ಹಬ್ಬಲು ಹೊತ್ತು ಹಿಡಿಯಲಿಲ್ಲ. ಮಗಳ ಮನೆ ಸೇರಿದ ಮುದುಕರು, ಅಂಗಡಿ ಮುಚ್ಚಿ ಆಚೆದಡದಲ್ಲೇ ಬೇರು ಬಿಟ್ಟವರು, ಮಣ್ಣಾದವರು, ಒಬ್ಬೊಬ್ಬರಿಗೂ ಒಂದೊಂದು ವಿಮಾನ ಬಂತು. ಮನೆಯವರು ಮೆಟ್ಟಿಲ ಬುಡಕ್ಕೆ ಹೋಗಿ, "ಬಂದ್ರ್" ಎಂದು ಹೇಳಿ ಮರಳಿದರು. ಸುಗಂಧಿಗೂ ಸಮಾಧಾನವೇ ಆಯಿತು. ಯಾರ ಬಾಯಿಂದಲೂ ಕೆಟ್ಟ ಮಾತು ಆಡಿಸದೆ ರನ್‌ವೇ ತೆರವಾಗುತ್ತಿತ್ತಲ್ಲ. ಪ್ರವಾಸಿಗರಿಗೆ ಇದೊಂದು ತಮಾಷೆ. ಖಾಲಿ ಮೆಟ್ಟಿಲಿಗೆ ಕೈಮುಗಿಯುವ ಹೆಂಗಸರ ಫೋಟೊ ಹೊಡೆದುಕೊಂಡರು.

ಆಮೇಲೆ ಒಂದು ಮಧ್ಯಾಹ್ನ ಆ ದನಿ, "ಸುದೇಶ, ಬಂದ್ಯಾ ಮಗಾ?" ಎಂದಿತು.

ಸುದೇಶ ಸುಗಂಧಿಯ ಅಣ್ಣ. ದೂರದ ಬಂದರಿನಲ್ಲಿ ಆಳಕಡಲಿನ ದೊಡ್ಡ ಬೋಟು ಹತ್ತಲೆಂದು ಇಲ್ಲಿಂದ ಹಾರಿದವನು. ಬೋಟೂ ಸಿಗಲಿಲ್ಲ, ಅದರಲ್ಲಿದ್ದವರೂ ಸಿಗಲಿಲ್ಲ. ಹೆಣ ಕಾಣದೆ ಕರ್ಮ ಮಾಡಲು ಅಮ್ಮ ಪದ್ದಕ್ಕ ಒಪ್ಪಿರಲಿಲ್ಲ. ಅವನ ಹೆಂಡತಿ ಜಲಜ ತುಂಬುಬಸುರಿ, ಆಚೆದಡದ ತವರಿಗೆ ಹೋಗಿದ್ದಳು.

ಪದ್ದಕ್ಕ ಉಟ್ಟ ಸೀರೆಯಲ್ಲೇ ಓಡಿಬಂದಳು. ಉಳಿದವರಂತೆ ಅವಳು ಮೆಟ್ಟಿಲ ಬುಡದಲ್ಲಿ ನಿಲ್ಲಲಿಲ್ಲ. ಹತ್ತಿ ಒಳಗೇ ಹೋದಳು. ಇಳಿದು ಬರುವಾಗ ಅವಳ ಎಡಗೈ ಯಾರದೋ ಬೆನ್ನಿನ ಮೇಲಿಟ್ಟಂತೆ ಗಾಳಿಯಲ್ಲಿತ್ತು. "ಬಂದ," ಎಂದಳು. ಮುಖದಲ್ಲಿ ನಾಚಿಕೆಯ ಸುಳಿವಿರಲಿಲ್ಲ.

ಆ ರಾತ್ರಿಯೂಟಕ್ಕೆ ಮೂರನೆಯ ಬಟ್ಟಲು ಬಿತ್ತು.

"ಅಮ್ಮ, ಯಾರಿಗೆ?"

"ಯಾರಿಗೆ ಅಂದ್ರೆ? ಗಂಜಿಗೆ ಉಪ್ಪು ಕಮ್ಮಿ ಆಯ್ತ್ ಅಂದ ನಿನ್ನಣ್ಣ. ದೊಡ್ಡ ಬೋಟಿನ ಊಟ ತಿಂದ್ ನಾಲ್ಗೆ ಕೆಟ್ಟಿತ್ತ್." ಪದ್ದಕ್ಕ ನಗುತ್ತ ಬಟ್ಟಲಿಗೆ ಬಂಗುಡೆಯ ನಡುತುಂಡು ಹಾಕಿದಳು. "ನೀ ಎಂತಕ್ಕೆ ಹಾಂಗ್ ಕಾಣ್ತೆ? ನಿನ್ನ ಕಾವ್ಲಮ್ಮನೇ ಹೇಳಿತ್ತ್ ಅಲ್ದಾ? ಸರ್ಕಾರದ್ದ್ ಸುಳ್ಳ್ ಹೇಳತ್ತಾ?"

ಅಜ್ಜಿಯ ಕಥೆಗಳಲ್ಲಿ ಹೆಸರು ಹಿಡಿದು ಕರೆದಾಗ ಓಗೊಡಬಾರದ ದನಿಗಳಿದ್ದವು. ಚಿಕ್ಕಂದಿನಲ್ಲಿ ಸುಗಂಧಿ ಅವಕ್ಕೆ ಹೆದರಿ ಅಜ್ಜಿಯ ಸೀರೆಯೊಳಗೆ ಮುದುಡುತ್ತಿದ್ದಳು. ಈಗ ಹೆದರಿಕೆಯಾದದ್ದು ಓಗೊಟ್ಟ ಮೇಲೂ ನಗುತ್ತಿದ್ದ ಅಮ್ಮನನ್ನು ನೋಡಿ.

ಮರುದಿನವೇ ಅವಳು ಕಾವಲಿಗೆ ಹೊಸಪಾಠ ಶುರುಮಾಡಿದಳು. ಸಿಬ್ಬಂದಿಯ ಮಾತು ಸೀಟಿನ ವಿಷಯದಲ್ಲಿ ನಡೆಯದಿದ್ದರೂ ಪಾಠ ಹೇಳಲು ಅಡ್ಡಿಯಿರಲಿಲ್ಲ. ಗಾಜಿನ ಕೋಣೆಯ ಬಾಗಿಲು ಮುಚ್ಚಿ, ತನ್ವೀರನನ್ನು ತೆರೆಯ ಮೇಲೆ ಕೂರಿಸಿಕೊಂಡು, ದನಿ ತಗ್ಗಿಸಿ ಹೇಳಿದಳು: "ಒಬ್ಬ ಮನುಷ್ಯ ಹೋದ."

"ಹೋಯಿ?" ಎಂದಿತು ಕಾವಲು, ಹೋಗಿ ಎನ್ನುವ ಮಾತಿನ ಉಳಿದರ್ಧಕ್ಕೆ ಕಿವಿಯೊಡ್ಡಿದಂತೆ. "ಹೋಯಿ ಯಾವಾಗ ಬತ್ತ?"

"ಹೋದ. ಅಷ್ಟೇ."

"ಎಲ್ಲಿಗೆ? ವಿಮಾನ ಕಳ್ಸ್ಕಾ?"

ತನ್ವೀರ್ ತಲೆ ಕೆರೆದುಕೊಂಡ. "ನಿಮ್ಮ ಊರವರ ಮಾತಲ್ಲಿ ಹೋಗೋದು ಬರೋದರ ಬಾಲ ಹಿಡಿದುಕೊಂಡೇ ಬಂದಿದೆ ಮೇಡಂ. ಹೋಗಿ ಬತ್ತೆ, ಹೋಗಿ ಬತ್ತೆ. ಬಾಲ ಕತ್ತರಿಸಿದ್ರೆ ಅದಕ್ಕೆ ಅರ್ಥವೇ ಆಗ್ತಿಲ್ಲ. ಇನ್ನೊಂದು ತಮಾಷೆ ಗೊತ್ತಾ? ನಾವು ಅದಕ್ಕೆ ಕೊಟ್ಟ ಮೊದಲ ಅಪ್ಪಣೆ, ಜನರನ್ನು ಕಾಯಿ ಅಂತ. ನಾವು ಕಾಪಾಡು ಅಂದ್ಕೊಂಡ್ವಿ. ಅದು ದಾರಿ ಕಾಯ್ತಾ ಕೂತಿದೆ."

"ನಗ್ಬೇಡಿ ಸರ್."

"ನಗ್ತಿಲ್ಲ," ಎಂದ ತನ್ವೀರ್. ನಿಜಕ್ಕೂ ಅವನು ನಗುತ್ತಿರಲಿಲ್ಲ. "ಮಳೆಗಾಲ ಮುಗೀಲಿ. ಪೂರ್ತಿ ಬಿಚ್ಚಿ ಮತ್ತೆ ಕಟ್ಟೋಣ. ಈಗ ನಿಲ್ಲಿಸಿದ್ರೆ ಹಾರ್ತಿರೋ ವಿಮಾನಕ್ಕೆ ಕಣ್ಣು ಕಿತ್ತ ಹಾಗೆ."

ಮಳೆಗಾಲ ಮುಗಿಯುವುದಕ್ಕೆ ಮೊದಲೇ ಜಲಜ ಹೆತ್ತಳು. ಹೆಣ್ಣುಕೂಸು. ತೊಟ್ಟಿಲಿಗೆ ಹಾಕುವ ಶಾಸ್ತ್ರ ಅತ್ತೆಯ ಮನೆಯಲ್ಲೇ ಆಗಲೆಂದು ಹೊರಟೂ ನಿಂತಳು. ಫೋನಿನಲ್ಲಿ ಸುಗಂಧಿಗೆ ಮಾತ್ರ ಇನ್ನೊಂದು ಮಾತು ಹೇಳಿದಳು. "ಶಾಸ್ತ್ರ ಮುಗ್ಸಿ ನಾ ತಿರ್ಗಿ ಇಲ್ಲಿಗೇ ಬಪ್ಪುದ್ ಸುಗಂಧಿ. ಇಲ್ಲಿ ಆಸ್ಪತ್ರೆ ಇತ್ತ್, ಶಾಲೆ ಇತ್ತ್. ಅತ್ತೆಗೆ ಹೇಂಗ್ ಹೇಳೂದ್ ಅಂತ ತಿಳೀದಿಲ್ಲೆ. ಅವ್ರಿಲ್ಲದ ಮನೇಲಿ ಅವ್ರಿದ್ರ್ ಅಂತ ನಾ ಬದ್ಕೂಕಾಗ."

ವಿಮಾನ ಬರುವ ಬೆಳಿಗ್ಗೆ ಪದ್ದಕ್ಕ ಆರತಿ ತಟ್ಟೆ ಹಿಡಿದು ಬೇಲಿಯ ಬಳಿ ನಿಂತಿದ್ದಳು. ಪಕ್ಕದಲ್ಲಿ ಒಂದು ಮಾರು ಜಾಗ ಬಿಟ್ಟಿದ್ದಳು. ಫೆಲಿಕ್ಸ್ ಆ ಜಾಗದಲ್ಲಿ ನಿಲ್ಲಹೋದಾಗ, "ಹ್ವಾಯ್, ಕಾಲ್ ತುಳೀಬೇಡ ಮರಾಯ," ಎಂದು ಗದರಿದಳು. ಅವನು ಪೆಚ್ಚಾಗಿ ಹಿಂದೆ ಸರಿದ.

ಮೇಲೆ ಗಾಜಿನ ಕೋಣೆಯಲ್ಲಿ ಸುಗಂಧಿ ಪಡುವಣ ಆಕಾಶ ನೋಡುತ್ತಿದ್ದಳು. ಮೋಡ ಇದ್ದಿಲಿನ ಗುಡ್ಡೆಯಂತೆ ಏಳುತ್ತಿತ್ತು, ಗಾಳಿಚೀಲ ಉಬ್ಬಿ ಕಂಬವನ್ನು ಜಗ್ಗುತ್ತಿತ್ತು. ಆಚೆದಡದಲ್ಲಿ ಆಗಲೇ ಸಿಡಿಲುಮಳೆ, ಅಲ್ಲಿನ ನಿಲ್ದಾಣ ಮುಚ್ಚಿತೆಂದು ಸುದ್ದಿ ಬಂತು. ಅಷ್ಟರಲ್ಲಿ ಜಲಜಳ ವಿಮಾನ ಕಣ್ಣಿಗೆ ಬಿದ್ದಿತು. ಇಳಿಯಿತು ಎನ್ನುವಾಗ ಮೂತಿ ಎತ್ತಿ ಮತ್ತೆ ಮೇಲಕ್ಕೆ ಹೋಯಿತು. ದ್ವೀಪವನ್ನು ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು.

"ಕಾವಲು, ಎಂತಕ್ಕೆ ಇಳ್ಸೂದಿಲ್ಲೆ?"

"ವಿಮಾನದಲ್ಲಿ ಒಬ್ರ್ ಹೆಚ್ಚಿದ್ರ್," ಎಂದಿತು ಕಾವಲು. "ಹೊಸ ದನಿ. ಅಳ್ತಿತ್ತ್. ಪದ್ದಕ್ಕನ ಮನೆಯದ್ದ್ ಅಂತ ಜಲಜ ಹೇಳ್ತ್ಲ್. ಪದ್ದಕ್ಕನ ಮನೆ ತುಂಬಿತ್ತ್."

ಸುಗಂಧಿ ಮನಸ್ಸಿನಲ್ಲೇ ತಲೆ ಎಣಿಸಿದಳು. ದ್ವೀಪದ ಬಾವಿಗಳಿಗೆ ಉಪ್ಪುನೀರು ನುಗ್ಗಿದ ಮೇಲೆ ಸಿಹಿನೀರನ್ನು ಮನೆಮನೆಗೆ ಅಳೆದು ಕೊಡುತ್ತಿದ್ದರು. ರೆಸಾರ್ಟಿಗೆ ಬೇರೆ ಲೆಕ್ಕ, ಊರಿನ ಒಂದೊಂದು ಮನೆಗೆ ಇಂತಿಷ್ಟೇ ಜನ. ಪದ್ದಕ್ಕನ ಮನೆಗೆ ನಾಲ್ವರು. ಪಾಲಿಗಿಂತ ಹೆಚ್ಚು ಜನರನ್ನು ಇಳಿಸಬಾರದೆಂಬ ನೇಮವೂ ಕಾವಲಿನ ಕೈಯಲ್ಲೇ ಇತ್ತು. ಕೂಸನ್ನು ಪಂಚಾಯ್ತಿಯಲ್ಲಿ ಬರೆಸಿದ್ದರೆ ಪಾಲು ಹೆಚ್ಚುತ್ತಿತ್ತು. ಆದರೆ ತೊಟ್ಟಿಲಿಗೆ ಹಾಕುವ ಮೊದಲು ಕೂಸನ್ನು ಲೆಕ್ಕಕ್ಕೆ ಹಿಡಿಯುವ ರೂಢಿ ಈ ಊರಲ್ಲಿಲ್ಲ. ಅಮ್ಮ, ತಾನು, ಜಲಜ. ನಾಲ್ಕನೆಯ ಜಾಗದಲ್ಲಿ ಸುದೇಶ ಕೂತಿದ್ದ.

"ನನ್ನ ಜಾಗ ಕೊಡ್ತೆ. ಇಳ್ಸ್ ಅದನ್ನ!"

"ನೀವ್ ಸಿಬ್ಬಂದಿ. ನಿಮ್ಮ ಮಾತ್ ನಡೀದಿಲ್ಲೆ ಸುಗಂಧಿ," ಎಂದಿತು ಕಾವಲು, ಮರುಕದಿಂದಲೇ. "ಜಾಗ ಆಪಲ್ಲಿವರೆಗೆ ಮೇಲೇ ಸುತ್ತಾ ಇರ್ತ್ರ್. ಆಚೆದಡದಲ್ಲಿ ಇಳೀವಾಂಗಿಲ್ಲೆ."

ತೆರೆಯ ಮೇಲೆ ತನ್ವೀರನ ಮುಖ ಸುಣ್ಣವಾಗಿತ್ತು. "ಬ್ಯಾಟರಿ ಇಳೀತಾ ಇದೆ ಮೇಡಂ. ಕಾವಲನ್ನ ನಿಲ್ಲಿಸಿದ್ರೆ ಅದು ಬೀಳುತ್ತೆ. ಮನೆಯ ಹಿರಿಯರು ಹೇಳ್ಬೇಕು. ನಿಮ್ಮ ಅಮ್ಮ. ಬೇಗ."

ಸುಗಂಧಿ ಮೆಟ್ಟಿಲಿಳಿದು ಓಡಿದಳು. ಮಳೆಯ ಮೊದಲ ಹನಿಗಳು ಕಲ್ಲು ಬೀರಿದಂತೆ ಬೀಳುತ್ತಿದ್ದವು. ಬೇಲಿಯ ಬಳಿ ಪದ್ದಕ್ಕ ಆರತಿಯ ಕುಡಿಗೆ ಅಂಗೈ ಮರೆಮಾಡಿ ಹಿಡಿದು ಆಕಾಶ ನೋಡುತ್ತಿದ್ದಳು.

"ಎಂತಕ್ಕೆ ಹೆಣೆ ಅದ್ ಗಿಡುಗನ್ ಹಾಂಗೆ ಸುತ್ತಾ ಇತ್ತ್?"

"ಅಮ್ಮ, ಕೂಸಿಗೆ ಜಾಗ ಇಲ್ಲೆ ಅಂತಿತ್ತ್. ಅಣ್ಣ ಇಲ್ಲೆ ಅಂತ ನೀ ಒಂದ್ ಮಾತ್ ಹೇಳ್. ಬಾ, ಆ ಮೈಕಿನ ಹತ್ರ ಬಾ."

"ಇದ್ದ ಅಲ್ಲ, ಇಲ್ಲೇ." ಪದ್ದಕ್ಕ ಪಕ್ಕದ ಖಾಲಿ ಜಾಗ ತೋರಿಸಿದಳು.

"ಇಲ್ಲೆ ಅಮ್ಮ."

"ಬಂದ ಅಂತ ನಾನೇ ಹೇಳಿದ್ದೆ. ಈಗ ಇಲ್ಲೆ ಅಂದ್ರೆ ನಾನೇ ಕೊಂದಾಂಗೆ ಆತ್ತ್."

"ಬ್ಯಾಟರಿ ಮುಗೀತಿತ್ತ್! ಅದ್ ಬಿದ್ರೆ ಜಲಜನೂ ಇಲ್ಲೆ, ಕೂಸೂ ಇಲ್ಲೆ. ಅಣ್ಣನ್ ಕೂಸ್ ಅಮ್ಮಾ ಅದ್!"

"ಅವ ಕೂಸಿನ ಮುಖ ಕಾಣ್ಕ್ ಅಂತಲೇ ಬಂದದ್ದ್," ಎಂದಳು ಪದ್ದಕ್ಕ. ಆದರೆ ದನಿ ನಡುವೆಲ್ಲೋ ಮುರಿಯಿತು. ಆಚೆದಡದ ಯಂತ್ರಶಾಲೆಯಲ್ಲಿ ತನ್ವೀರನಿಗೆ ಏನು ತೋಚಿತೋ, ವಿಮಾನದೊಳಗಿನ ಸದ್ದನ್ನು ನಿಲ್ದಾಣದ ಧ್ವನಿವರ್ಧಕಕ್ಕೆ ಬಿಟ್ಟ. ಗಾಳಿಯ ಮೊರೆತದೊಳಗಿಂದ ಕೂಸಿನ ಅಳು ಬಂತು. ಹಸಿದು, ಉಸಿರು ಕಟ್ಟಿ, ಮತ್ತೆ ಹಿಡಿದು ಅಳುವ ಅಳು. ಜಲಜಳ ದನಿಯೂ ಕೇಳಿತು. ಕೂಗುತ್ತಿರಲಿಲ್ಲ, ಕೂಸಿಗೆ ಏನೋ ಹೇಳಿ ರಮಿಸುತ್ತಿದ್ದಳು, ಅಷ್ಟೆ.

ಪದ್ದಕ್ಕ ಆರತಿ ತಟ್ಟೆಯನ್ನು ನೆಲದ ಮೇಲಿಟ್ಟಳು. ಗಾಳಿಗೆ ಕುಡಿ ಆರಿತು. ಪಕ್ಕದ ಜಾಗವನ್ನು ತಿರುಗಿ ನೋಡದೆ ಬಾಗಿಲ ಕಂಬದಲ್ಲಿದ್ದ ಮೈಕಿನ ಮುಂದೆ ಹೋಗಿ ನಿಂತಳು.

"ನಾ ಪದ್ದಕ್ಕ."

"ಹೇಳಿ ಪದ್ದಕ್ಕ."

"ನನ್ನ ಮಗ... ಹೋದ."

"ಹೋಯಿ ಯಾವಾಗ ಬತ್ತ?"

ಮಳೆ ಒಮ್ಮೆಗೇ ಸುರಿಯಿತು. ಸುಗಂಧಿ ಅಮ್ಮನ ತೋಳು ಹಿಡಿದಳು. ಹೋಗುವುದು ಇದಕ್ಕೆ ತಿಳಿಯದು. ಆದರೆ ಬರುವುದು ತಿಳಿಯುತ್ತದೆ. ಇಲ್ಲ ಎನ್ನುವುದೂ ತಿಳಿಯುತ್ತದೆ. "ಬತ್ತಿಲ್ಲೆ ಅಂತ ಹೇಳಮ್ಮ," ಎಂದು ಕಿವಿಯಲ್ಲಿ ಉಸುರಿದಳು.

ಪದ್ದಕ್ಕ ಕಣ್ಣು ಮುಚ್ಚಿದಳು.

"ಬತ್ತಿಲ್ಲೆ. ನನ್ನ ಮಗ ಬತ್ತಿಲ್ಲೆ. ಅವತ್ತ್ ಬಂದ ಅಂದದ್ದ್ ಸುಳ್ಳ್."

 ಕಾವಲು ಕೇಳಿತು, ಕೂ​ಸೊಂದು ಗೊತ್ತಿಲ್ಲದ್ದನ್ನು ಕೇಳುವ ಹಾಗೆ: "ಬತ್ತೆ ಅಂತ ಹೇಳಿದ್ದ ಅಲ್ಲ?"

"ಹೇಳಿದ್ದ. ಎಲ್ರೂ ಹಾಂಗೇ ಹೇಳೂದ್." ಪದ್ದಕ್ಕನ ಮುಖದ ಮೇಲೆ ಮಳೆಯೋ ಕಣ್ಣೀರೋ ಒಂದೂ ತಿಳಿಯುತ್ತಿರಲಿಲ್ಲ. "ಬತ್ತೆ ಅಂದ್ರೆ ಬತ್ರ್ ಅಂತ ಅಲ್ಲ. ಕೆಲವ್ರ್ ಬತ್ತಿಲ್ಲೆ. ಹೊರಗ್ ಕಾಲಿಟ್ಟವ್ರ್ ಯಾರೇ ಆಗ್ಲಿ, ಬಾರದೆಯೂ ಇರೂಕ್ ಸಾಕ್. ನಾವ್ ಬಾಗ್ಲಲ್ಲಿ ಕೂಕಂಡ್ ಕಾಯೂದ್. ತಿಳೀತಾ ನಿಂಗೆ?"

"ತಿಳೀತ್ ಪದ್ದಕ್ಕ," ಎಂದಿತು ಕಾವಲು.

ವಿಮಾನ ಮಳೆಯ ಪರದೆಯನ್ನು ಸೀಳಿ ಇಳಿಯಿತು. ಬಂಡೆಯಂಚಿನ ಹತ್ತಿರದವರೆಗೂ ಜಾರಿ ನಿಂತಿತು. ಫೆಲಿಕ್ಸ್ ಕೊಡೆ ಬಿಚ್ಚಿಕೊಂಡು ಓಡಿದ. ಕೊಡೆ ಗಾಳಿಗೆ ಮಗುಚಿ ಹಾರಿಹೋಯಿತು. ನೆನೆದ ಕೂಸನ್ನು ಎದೆಗವಚಿಕೊಂಡು ಪದ್ದಕ್ಕ ನೆಲದಲ್ಲೇ ಕೂತು, ಅಷ್ಟು ದಿನ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು.

ಆ ವಾರ ಮನೆಯಲ್ಲಿ ಸುದೇಶನ ಕರ್ಮವೂ ಆಯಿತು, ಕೂಸಿನ ತೊಟ್ಟಿಲೂ ಆಯಿತು. ಮೂರನೆಯ ಬಟ್ಟಲು ಅಟ್ಟ ಸೇರಿತು. ಜಲಜ ಹೆದರುತ್ತ ಹೆದರುತ್ತ ತವರಿನ ಮಾತೆತ್ತಿದಾಗ ಪದ್ದಕ್ಕ ಕೂಸಿನ ಕಾಲಿಗೆ ಎಣ್ಣೆ ತಿಕ್ಕುತ್ತ, "ಹೋಯಿ ಬನ್ನಿ," ಎಂದಷ್ಟೇ ಹೇಳಿದಳು. "ಶಾಲೆ ಇಲ್ದ ಊರಲ್ಲಿ ಹೆಣ್ಣ್ ಬೆಳ್ಸೂದ್ ಬೇಡ. ಹಬ್ಬಕ್ಕೆ ಮುಖ ತೋರ್ಸಿ, ಸಾಕ್." ಸುಗಂಧಿ ಮಗ್ಗುಲು ಕೋಣೆಯಿಂದ ಅದನ್ನು ಕೇಳಿ, ಎಷ್ಟೋ ದಿನದ ಮೇಲೆ ನಿದ್ದೆ ಹೋದಳು.

ಹೊರಡುವ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ನಿಲ್ದಾಣದ ಹಾಲಿನಲ್ಲಿ ಮನೆಗೆ ಮರಳುವ ಪ್ರವಾಸಿಗರ ಗದ್ದಲ. ರೆಸಾರ್ಟಿನ ಹುಡುಗನೊಬ್ಬ ಅವರಿಗೆ ಎಳನೀರು ಹಂಚುತ್ತಿದ್ದ. ಜಲಜ ಅತ್ತೆಯ ಕಾಲಿಗೆ ನಮಸ್ಕರಿಸಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ಗಾಜಿನ ಬಾಗಿಲ ಮುಂದೆ ನಿಂತಳು.

"ಬತ್ತೆ ಅತ್ತೆ."

ಬಾಗಿಲು ತೆರೆಯಲಿಲ್ಲ.

ಜಲಜ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಮುಂದೆ ಬಂದಳು. ಹಿಂದಿನಿಂದ ದಪ್ಪ ಕನ್ನಡಕದ ಹೆಂಗಸೊಬ್ಬಳು, "ಏನ್ರೀ, ತಳ್ಳಿ ಅದನ್ನ," ಎಂದಳು. ಫೆಲಿಕ್ಸ್ ಬಂದು ತಳ್ಳಿದ. "ರಾತ್ರಿ ಮಳೆಗೆ ಉಬ್ಬಿರ್ಕ್," ಎಂದು ಭುಜ ಕೊಟ್ಟು ನೂಕಿದ. ಗಾಜು ಉಬ್ಬುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

"ಇರಿ," ಎಂದಿತು ಆ ದನಿ. ಮನೆಯಿಂದ ಹೊರಟ ನೆಂಟರ ಕೈ ಹಿಡಿದು ಕೂರಿಸುವ ದನಿ. "ಎಂತಕ್ಕೆ ಅವ್ಸರ? ಇರಿ."

"ಕಾವಲು, ಬಾಗ್ಲ್ ತೆಗಿ," ಎಂದಳು ಸುಗಂಧಿ. "ಅವ್ರ್ ಬತ್ತೆ ಅಂದ್ರಲ್ಲ."

"ಬತ್ತೆ ಅಂದ್ರೆ ಬತ್ರ್ ಅಂತ ಅಲ್ಲ. ಪದ್ದಕ್ಕ ಹೇಳ್ಕೊಟ್ರ್. ಹೊರಗ್ ಬಿಟ್ರೆ ನಾ ಜನರನ್ನ ಕಾದಾಂಗೆ ಆತ್ತಿಲ್ಲೆ."

ಸುಗಂಧಿ ಫೋನು ತೆಗೆದು ತನ್ವೀರನಿಗೆ ಕರೆ ಮಾಡಿದಳು. ಆ ಕಡೆಯಿಂದ ಅದೇ ದನಿ, "ಇರಿ," ಎಂದಿತು. ಮಾತು ಅರ್ಥವಾಗದ ಪ್ರವಾಸಿಗರು ಇನ್ನೂ ನಗುತ್ತಿದ್ದರು. ಒಬ್ಬ ಬಾಗಿಲ ಮುಂದೆ ನಿಂತು ಕೈಯಾಡಿಸಿ, "ಓಪನ್ ಸೆಸಮಿ," ಎಂದ. ಊರಮಾತು ಬಲ್ಲ ಎಳನೀರಿನ ಹುಡುಗ ಮಾತ್ರ ನಿಂತಲ್ಲೇ ನಿಂತಿದ್ದ.

ಎಲ್ಲರಿಗಿಂತ ಮೊದಲು ಅರ್ಥವಾದದ್ದು ಪದ್ದಕ್ಕನಿಗೆ. ಅವಳು ಜನರನ್ನು ಸರಿಸಿಕೊಂಡು ಮೈಕಿನ ಮುಂದೆ ಬಂದಳು. ಎರಡೂ ಕೈಯಿಂದ ಕಂಬ ಹಿಡಿದಳು.

"ಕಾಣ್, ನಾನ್ ಪದ್ದಕ್ಕ. ಅವತ್ತ್ ನಾ ದುಃಖದಲ್ಲಿ ಹೇಳ್ದೆ. ಹಾಂಗಲ್ಲ ಅದ್. ಬತ್ತೆ ಅಂದವ್ರ್ ಬತ್ರ್. ಎಲ್ರೂ ಬತ್ರ್. ನನ್ನ ಸೊಸೆನೂ ಬತ್ತ್ಲ್, ಕೂಸೂ ಬತ್ತಿತ್ತ್. ತೆಗಿ ಮಗಾ, ಬಾಗ್ಲ್ ತೆಗಿ."

 ಕಾವಲು ಕೇಳಿತು, ಮುನಿಸಿಲ್ಲದೆ, ತಿಳಿದುಕೊಳ್ಳುವ ಆಸೆಯಿಂದ:

"ಹಾಂಗಾರೆ ಸುದೇಶ ಯಾವಾಗ ಬತ್ತ?"

ಹಾಲಿನಲ್ಲಿ ಎಲ್ಲರೂ ಪದ್ದಕ್ಕನ ಬಾಯನ್ನೇ ನೋಡುತ್ತಿದ್ದರು. ಜಲಜ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಏನಾದರೊಂದು ಹೇಳಮ್ಮ, ನಾಳೆ ಎನ್ನು, ಹಬ್ಬಕ್ಕೆ ಎನ್ನು ಎಂದು ಸುಗಂಧಿ ಒಳಗೊಳಗೇ ಬೇಡಿದಳು. ಪದ್ದಕ್ಕನ ತುಟಿ ಅಲುಗಿತು. ಮಗನಿಗೆ ತಾನೇ ಎಳ್ಳುನೀರು ಬಿಡಿಸಿದ ಬಾಯಿ ಅದು. ಆ ಸುಳ್ಳಿಗೆ ಅದರಲ್ಲಿ ಈಗ ಎಡೆಯಿರಲಿಲ್ಲ.

ಗಾಜಿನಾಚೆ ಒಂದು ವಿಮಾನ ಬಂದು ನಿಂತಿತು. ಬಣ್ಣಬಣ್ಣದ ಟೋಪಿಗಳು ಒಂದರ ಹಿಂದೊಂದು ನಗುತ್ತ ಇಳಿದವು. "ಬನ್ನಿ, ಬನ್ನಿ," ಎನ್ನುತ್ತಿತ್ತು ಕಾವಲು ಅಲ್ಲಿಯೂ. ಕೊನೆಯವರು ಇಳಿದದ್ದೇ ಅದರ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಅದರ ಬೆನ್ನಿಗೇ, ಕಡಲ ಮೇಲೆ, ಇನ್ನೊಂದು ವಿಮಾನ ಇಳಿಯಲು ಸರದಿ ಹಿಡಿದಿತ್ತು.